ಒಂದು ಅಗುಳು ಹಿಚುಕಿದರೆ ಸಾಲದು

ಅನ್ನ ಬೆಂದಿದೆಯೋ ಇಲ್ಲವೋ ಎಂದು ತಿಳಿಯಲು ನಾವು ಒಂದು ಅಗುಳು ತೆಗೆದು ಬೆರಳಲ್ಲಿ ಹಿಚುಕಿ ನೋಡುತ್ತೇವೆ. ಅಷ್ಟು ಸಾಕು. ಏಕೆಂದರೆ ಪಾತ್ರೆಯಲ್ಲಿರುವ ಅಕ್ಕಿ ಒಂದೇ, ನೀರು ಒಂದೇ, ಒಲೆಯೂ ಒಂದೇ. ಆದರೆ ರಾತ್ರಿ ಉಳಿದ ತಂಗಳನ್ನ, ಈಗ ಇಳಿಸಿದ ಬಿಸಿ ಅನ್ನ, ಪಕ್ಕದ ಮನೆಯವರು ಕೊಟ್ಟು ಕಳಿಸಿದ ಅನ್ನ, ಈ ಮೂರನ್ನೂ ಒಂದೇ ಪಾತ್ರೆಗೆ ಸುರಿದು ಒಂದು ಅಗುಳು ಹಿಚುಕಿದರೆ ಏನು ತಿಳಿದೀತು ಹೇಳಿ? ಕೈಗೆ ಸಿಕ್ಕ ಅಗುಳಿನ ಕಥೆ ಮಾತ್ರ ತಿಳಿಯುತ್ತದೆ.

ಮಾಡಿ ಮಾರುವವರಿಗೆಲ್ಲ ಈ ಮಾತು ಅನ್ವಯಿಸುತ್ತದೆ. ಹಪ್ಪಳ ಮಾಡುವವರಿಗೂ ಸರಿ, ಊದುಬತ್ತಿ ಹೊಸೆಯುವವರಿಗೂ ಸರಿ. ಈ ಪಕ್ಷ ಮಾತ್ರ ಅದನ್ನು ರೇಷ್ಮೆಗೆ ಹಚ್ಚಿ ನೋಡೋಣ ಎಂದುಕೊಂಡಿದ್ದೇನೆ. ಮಗಳ ಮದುವೆಗೆ ರೇಷ್ಮೆ ಸೀರೆ ಕೊಳ್ಳುವವರು ನಮ್ಮಲ್ಲಿ ಬಹಳ ಮಂದಿ. ಆ ಸೀರೆಯ ಎಳೆಯನ್ನು ಹುಟ್ಟಿಸುವ ಹೆಂಗಸರೂ ನಮ್ಮ ಓದುಗರಲ್ಲಿ ಇದ್ದಾರೆ. 2007ರಲ್ಲಿ ಕೋಲಾರದಿಂದ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯ ಹಳ್ಳಿಗಳಲ್ಲಿ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಸುತ್ತಮುತ್ತ, ಹುಳು ಮನೆಯ ಕೆಲಸ ಮುಕ್ಕಾಲು ಪಾಲು ನಡೆಯುವುದು ಹೆಂಗಸರ ಕೈಯಲ್ಲೇ. ಸೊಪ್ಪು ಕೊಯ್ದು ತರುವುದು, ಹೆಚ್ಚಿ ಹಾಕುವುದು, ಹಿಕ್ಕೆ ತೆಗೆಯುವುದು, ನಡುರಾತ್ರಿ ಎದ್ದು ಹುಳು ನೋಡುವುದು ಎಲ್ಲ ಅವರದು. ಮಾರುಕಟ್ಟೆಗೆ ಹೋಗಿ ದುಡ್ಡು ಎಣಿಸಿಕೊಂಡು ಬರುವುದು ಮಾತ್ರ ಮನೆಯ ಯಜಮಾನರು! ಅದು ಬೇರೆ ಮಾತು, ಇನ್ನೊಮ್ಮೆ ಆಡೋಣ.

ರಾಜ್ಯದ ದೊಡ್ಡ ಗೂಡಿನ ಮಾರುಕಟ್ಟೆ ಎಂದರೆ ರಾಮನಗರದ ಜೊತೆಗೇ ಶಿಡ್ಲಘಟ್ಟದ ಹೆಸರೂ ಬರುತ್ತದೆ. ಗೌರಿಬಿದನೂರಿನ ಕಡೆಯವರಿಗೆ ಗಡಿ ದಾಟಿದರೆ ಹಿಂದೂಪುರದ ಮಾರುಕಟ್ಟೆಯೂ ಹತ್ತಿರ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಬೆಳಗ್ಗೆ ನಿಂತರೆ ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಉಸಿರಿನಲ್ಲಿ ಕೇಳುತ್ತವೆ. ರೈತರು ತಂದ ಗೂಡನ್ನು ಲಾಟು ಲಾಟಾಗಿ ಹರಡಿರುತ್ತಾರೆ. ಕೊಳ್ಳುವವರು ರೀಲರುಗಳು, ಅಂದರೆ ಗೂಡಿನಿಂದ ನೂಲು ಬಿಚ್ಚುವವರು. ಗೂಡು ಹೀಗೆ ಸರ್ಕಾರದ ಮಾರುಕಟ್ಟೆಯಲ್ಲೇ, ಎಲ್ಲರ ಎದುರಿಗೆ ಹರಾಜಾಗಬೇಕು ಎನ್ನುವುದಕ್ಕೆ 1959ರ ಕಾಯಿದೆಯೇ ಇದೆ. ಹಿಂದೆ ಬಾಯಲ್ಲಿ ಕೂಗುತ್ತಿದ್ದ ಹರಾಜು ಈಗ ಇ-ಹರಾಜಾಗಿದೆ, ಬೆಲೆ ಮೊಬೈಲಿನಲ್ಲಿ ಬೀಳುತ್ತದೆ. ಆದರೆ ಗೂಡು ನೋಡುವ ಕೈ ಬದಲಾಗಿಲ್ಲ.

ಆ ಕೈ ಹೇಗೆ ನೋಡುತ್ತದೆ ಗೊತ್ತೇ? ಮೇಲಿನ ಗೂಡನ್ನು ಮುಟ್ಟುವುದೇ ಇಲ್ಲ. ಮೊಣಕೈವರೆಗೆ ಒಳಕ್ಕೆ ಇಳಿಸಿ ತಳದಿಂದ ಒಂದು ಹಿಡಿ ಎತ್ತುತ್ತದೆ. ಚಿಂತಾಮಣಿ ಮಾರುಕಟ್ಟೆಯಲ್ಲಿ ಟೊಮೊಟೊ ಕೊಳ್ಳುವವನೂ ಹೀಗೆಯೇ ಕ್ರೇಟಿನ ತಳ ನೋಡುತ್ತಾನೆ. ಮೇಲೆ ಚೆಲುವಾದದ್ದು ಇಟ್ಟು ಕೆಳಗೆ ಬೇರೆಯದು ತುಂಬುವ ಜಾಣತನ ಎಷ್ಟು ಹಳೆಯದೋ, ತಳಕ್ಕೆ ಕೈ ಹಾಕುವ ಅಭ್ಯಾಸವೂ ಅಷ್ಟೇ ಹಳೆಯದು. ಎತ್ತಿದ ಹಿಡಿಯನ್ನು ಹಿಚುಕಿ ನೋಡುತ್ತಾನೆ, ಗಟ್ಟಿ ಇದೆಯೇ, ಜಾಳೇ ಎಂದು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾನೆ. ಒಳಗಿನ ಹುಳು ಕಟಕಟ ಎಂದರೆ ಸರಿ. ಸತ್ತು ಕರಗಿ ಗೂಡಿಗೆ ಅಂಟಿಕೊಂಡಿದ್ದರೆ ಸದ್ದಿಲ್ಲ. ಒಂದೆರಡು ಗೂಡು ಕತ್ತರಿಸಿಯೂ ನೋಡುತ್ತಾನೆ. ಎರಡು ಹುಳು ಸೇರಿ ಕಟ್ಟಿದ ಜೋಡಿ ಗೂಡು, ಕಲೆ ಬಿದ್ದದ್ದು, ಊಜಿ ನೊಣದ ಮರಿ ತೂತು ಮಾಡಿ ಹೊರಬಂದದ್ದು, ಇವು ಎಷ್ಟಿವೆ ಎಂದು ಮನಸ್ಸಿನಲ್ಲೇ ಎಣಿಸಿಕೊಳ್ಳುತ್ತಾನೆ.

"ಏನಮ್ಮ, ಇದೆಲ್ಲ ಒಂದೇ ದಿನ ಹಣ್ಣಾದ ಹುಳದ್ದಾ?"

"ಹೂಂ ಸ್ವಾಮಿ, ಒಂದೇ ದಿನದ್ದು."

ಆತ ನಕ್ಕು ಮುಂದೆ ಹೋಗುತ್ತಾನೆ. ಅವನಿಗೆ ಗೊತ್ತು, ಅವಳಿಗೂ ಗೊತ್ತು. ಬೆಲೆ ಬೀಳುವಾಗ ತಿಳಿಯುತ್ತದೆ.

ಇಲ್ಲಿ ಒಂದು ಲೆಕ್ಕ ಹೇಳುತ್ತೇನೆ. ಇದು ಲೆಕ್ಕಕ್ಕಾಗಿ ನಾನೇ ಕಟ್ಟಿಕೊಂಡ ಬೆಲೆ, ಮಾರುಕಟ್ಟೆಯದಲ್ಲ. 60 ಕಿಲೊ ಗೂಡು ಬಂದಿದೆ, ಅದರಲ್ಲಿ 5 ಕಿಲೊ ಕೆಟ್ಟದ್ದು ಎಂದಿಟ್ಟುಕೊಳ್ಳಿ. ಒಳ್ಳೆಯದಕ್ಕೆ ಕಿಲೊಗೆ 500 ರೂಪಾಯಿ ಸಿಗುವ ದಿನ. ಎಲ್ಲ ಕಲಸಿ ಇಟ್ಟಿರಿ, ಕೊಳ್ಳುವವನು ಕೆಟ್ಟದ್ದನ್ನು ಕಂಡು 450 ಎಂದ. 27,000 ಬಂತು. ಅದನ್ನೇ ಬೇರೆ ಮಾಡಿದ್ದರೆ 55 ಕಿಲೊಗೆ 27,500. ಉಳಿದ 5 ಕಿಲೊ 150ರಂತೆ ಹೋದರೂ 750. ಒಟ್ಟು 28,250. ಕೆಟ್ಟ 5 ಕಿಲೊ ಗೂಡು ತನ್ನ ಬೆಲೆಯನ್ನಷ್ಟೇ ಕಳೆದುಕೊಳ್ಳಲಿಲ್ಲ, ಒಳ್ಳೆಯ 55 ಕಿಲೊದ ಬೆಲೆಯನ್ನೂ ಕೆಳಗೆ ಎಳೆಯಿತು. ಕೊಳ್ಳುವವನು ಅನುಮಾನಕ್ಕೂ ಬೆಲೆ ಕಟ್ಟುತ್ತಾನೆ, ಅದನ್ನು ನಾವೇ ತೆರುತ್ತೇವೆ. "ರೀಲರುಗಳೆಲ್ಲ ಸೇರಿಕೊಂಡು ಬೆಲೆ ಇಳಿಸಿಬಿಟ್ಟರು" ಎಂದು ಪ್ರತಿ ಸಲವೂ ದೂರುವುದನ್ನು ಕೇಳಿದ್ದೇನೆ. ಅಂಥದ್ದು ನಡೆಯುವುದೇ ಇಲ್ಲ ಎಂದು ನಾನು ಹೇಳಲಾರೆ. ಆದರೆ ಪ್ರತಿ ಸಲವೂ ಅದೇ ಕಾರಣ ಎಂದರೆ ಒಪ್ಪಲಾರೆ.

ಬೆಲೆ ಒಪ್ಪಿಗೆಯಾಗದಿದ್ದರೆ ಬೇಡವೆನ್ನಬಹುದಲ್ಲ ಎನ್ನುತ್ತೀರಿ. ಎನ್ನಬಹುದು. ಆದರೆ ಗೂಡು ರಾಗಿಯಲ್ಲ, ಕಣಜಕ್ಕೆ ಸುರಿದು ಆರು ತಿಂಗಳು ಕಾಯಲಿಕ್ಕೆ. ಹುಳು ಗೂಡು ಕಟ್ಟಿದ ಹತ್ತು ಹನ್ನೆರಡು ದಿನಕ್ಕೆ ಒಳಗಿನಿಂದ ಚಿಟ್ಟೆ ಗೂಡನ್ನು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ತೂತಾದ ಗೂಡಿನಿಂದ ಉದ್ದ ಎಳೆ ಬರುವುದಿಲ್ಲ. ಬಿಡಿಸುವುದಕ್ಕೇ ಐದಾರು ದಿನ ಹೋಗಿರುತ್ತದೆ. ಮಾರುವವಳ ಕೈಯಲ್ಲಿ ಉಳಿಯುವುದು ನಾಲ್ಕೈದು ದಿನ. ಹೀಗಾಗಿ ತಿಂಗಳ ದುಡಿಮೆಯ ಭವಿಷ್ಯ ಮಾರುಕಟ್ಟೆಗೆ ಹೋಗುವ ಮೊದಲೇ, ಮನೆಯಲ್ಲೇ ತೀರ್ಮಾನವಾಗಿರುತ್ತದೆ. ಅದಕ್ಕೇ ಕೊಳ್ಳುವವನು ನೋಡುವುದಕ್ಕಿಂತ ಮೊದಲು ನೀವು ನೋಡಿರಬೇಕು.

ಎಲ್ಲಿ ನೋಡಬೇಕು? ಹುಳು ಹಣ್ಣಾಗುವ ಆ ಎರಡು ಮೂರು ದಿನಗಳಲ್ಲಿ. ನಾಲ್ಕು ಜ್ವರ ಕಳೆದು, ಕೊನೆಯ ವಾರ ಬಕಾಸುರನಂತೆ ಸೊಪ್ಪು ತಿಂದು, ಮೈ ಪಾರದರ್ಶಕವಾಗಿ ತಲೆ ಎತ್ತಿ ಆಡಿಸತೊಡಗಿದ ಹುಳುವನ್ನು ಆರಿಸಿ ಚಂದ್ರಿಕೆಗೆ ಬಿಡುತ್ತೇವಲ್ಲ, ಆಗ. ಎಲ್ಲ ಹುಳುವೂ ಒಂದೇ ಗಳಿಗೆಗೆ ಹಣ್ಣಾಗುವುದಿಲ್ಲ. ಮೊದಲ ದಿನದ್ದು ಒಂದು ಚಂದ್ರಿಕೆ, ಮಾರನೆಯ ದಿನದ್ದು ಇನ್ನೊಂದು. ಪ್ರತಿ ಚಂದ್ರಿಕೆಗೂ ಒಂದು ಚೀಟಿ ಕಟ್ಟಿ, ದಿನಾಂಕ ಬರೆಯಿರಿ. ಓದು ಬರಹ ಬಾರದವರು ಬಣ್ಣದ ದಾರ ಕಟ್ಟಿದರೂ ಸಾಕು. ಬಿಡಿಸುವಾಗ ಆ ಕ್ರಮದಲ್ಲೇ ಬಿಡಿಸಬೇಕು. ಅವಸರಕ್ಕೆ ಎಲ್ಲವನ್ನೂ ಒಂದೇ ದಿನ ಬಿಡಿಸಿದರೆ ತಡವಾಗಿ ಹಣ್ಣಾದ ಹುಳು ಇನ್ನೂ ಎಳೆ ಮೈಯಲ್ಲಿ ಇರುತ್ತದೆ, ಚೀಲದಲ್ಲಿ ಒಡೆದು ಒಳಗಿನಿಂದ ಕಲೆ ಹಿಡಿಸುತ್ತದೆ. ಹಳದಿ ಮಿಶ್ರತಳಿ ಗೂಡಾದರೆ ಐದಾರನೆಯ ದಿನ, ಬಿಳಿಯ ದ್ವಿತಳಿ ಗೂಡಾದರೆ ಏಳೆಂಟನೆಯ ದಿನ ಬಿಡಿಸುವುದು ರೂಢಿ.

ಇಕ್ಕಟ್ಟು ಇನ್ನೊಂದು ಶತ್ರು. 6 ಅಡಿ ಉದ್ದ 4 ಅಡಿ ಅಗಲದ ಬಿದಿರು ಚಂದ್ರಿಕೆಗೆ ಸುಮಾರು ಒಂದು ಸಾವಿರ ಹುಳು ಹಿಡಿಸುತ್ತದೆ. ಬಾಡಿಗೆಗೆ ತಂದ ಚಂದ್ರಿಕೆ ಸಾಲದೆಂದು ಒಂದೂವರೆ ಸಾವಿರ ಬಿಟ್ಟರೆ ಜೋಡಿ ಗೂಡು ಜಾಸ್ತಿಯಾಗುತ್ತದೆ. ಜೋಡಿ ಗೂಡಿನಲ್ಲಿ ಎರಡು ಎಳೆ ಸಿಕ್ಕು ಬಿದ್ದಿರುತ್ತವೆ, ಸಲೀಸಾಗಿ ಬಿಚ್ಚುವುದಿಲ್ಲ. ಮಡಚುವ ಪ್ಲಾಸ್ಟಿಕ್ ನೇತ್ರಿಕೆ ಬಂದಿದೆ, ತೊಳೆದು ಇಡಲು ಅನುಕೂಲ. ಆದರೆ ಅದರಲ್ಲೂ ತುಂಬಿಸುವ ಕೈ ನಮ್ಮದೇ ತಾನೇ?

ಹುಳು ಗೂಡು ಕಟ್ಟುವ ಮುನ್ನ ಮೈಯಲ್ಲಿದ್ದ ನೀರನ್ನೆಲ್ಲ ಹೊರಹಾಕುತ್ತದೆ. ಸಾವಿರಾರು ಹುಳು ಒಟ್ಟಿಗೆ ಹಾಗೆ ಮಾಡಿದರೆ ಮನೆಯೊಳಗೆ ಎಷ್ಟು ಹಸಿ ಎಂದು ಯೋಚಿಸಿ. ಚಳಿಗಾಲವೆಂದು, ಮಳೆಯೆಂದು, ಕಿಟಕಿ ಬಾಗಿಲು ಮುಚ್ಚಿ ಗೋಣಿ ತೂಗುಹಾಕುವುದು ನಮ್ಮ ಕಡೆ ಉಂಟು. ಆ ತೇವದಲ್ಲಿ ಎಳೆಯ ಮೇಲಿನ ಅಂಟು ನಿಧಾನವಾಗಿ ಒಣಗಿ, ಎಳೆಗೆ ಎಳೆ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಗೂಡು ನೋಡಲು ಚೆನ್ನಾಗಿಯೇ ಇರುತ್ತದೆ, ತೂಕವೂ ಬರುತ್ತದೆ. ಬಿಸಿನೀರಿಗೆ ಹಾಕಿ ಎಳೆದಾಗ ಮಾತ್ರ ಪುಟ್ ಪುಟ್ ಎಂದು ಹರಿಯುತ್ತದೆ. ಇದು ಕಣ್ಣಿಗೆ ಕಾಣದ ದೋಷ. ಆ ರೀಲರು ಈ ಸಲ ಮೋಸ ಹೋದರೂ ಮುಂದಿನ ಸಲ ನಿಮ್ಮ ಊರಿನ ಹೆಸರು ಕೇಳಿದೊಡನೆ ಮುಖ ತಿರುಗಿಸುತ್ತಾನೆ. ಗಾಳಿ ಆಡಲಿ. 24-25 ಡಿಗ್ರಿ ಶಾಖ ಇದ್ದರೆ ಸಾಕು. ಇನ್ನು ಮಾರುಕಟ್ಟೆಗೆ ಒಯ್ಯುವಾಗ ಗೋಣಿಯಲ್ಲಿ ತುಳಿದು ತುಂಬಬೇಡಿ, ಸಡಿಲವಾಗಿ ತುಂಬಿ ತಂಪು ಹೊತ್ತಿನಲ್ಲಿ ಸಾಗಿಸಿ. ಜೀವಂತ ಹುಳು ಒಳಗಿದೆ, ಅದೂ ಉಸಿರಾಡುತ್ತದೆ.

ಮನೆಯಲ್ಲೇ ಮಾಡಬಹುದಾದ ಒಂದು ಸಣ್ಣ ಪರೀಕ್ಷೆ ಹೇಳುತ್ತೇನೆ. ಪ್ರತಿ ದಿನದ ಚಂದ್ರಿಕೆಯಿಂದಲೂ, ಮೂಲೆಯಿಂದಲೂ ನಡುವಿನಿಂದಲೂ ಸೇರಿಸಿ 20 ಗೂಡು ತೆಗೆಯಿರಿ. ಚೆಲುವಾದದ್ದನ್ನೇ ಆರಿಸಬೇಡಿ, ನಿಮಗೆ ನೀವೇ ಸುಳ್ಳು ಹೇಳಿಕೊಂಡ ಹಾಗಾಗುತ್ತದೆ. ಗ್ರಾಂ ತೋರಿಸುವ ಚಿಕ್ಕ ತಕ್ಕಡಿಯಲ್ಲಿ ತೂಗಿ. 34 ಗ್ರಾಂ ಬಂತೆನ್ನಿ. ಬ್ಲೇಡಿನಿಂದ ತುದಿ ಕತ್ತರಿಸಿ ಹುಳುವನ್ನು ಹೊರಗೆ ತೆಗೆದು ಬರೀ ಸಿಪ್ಪೆಯನ್ನು ತೂಗಿ. 6 ಗ್ರಾಂ ಬಂದರೆ ನೂರಕ್ಕೆ ಹದಿನೇಳೂವರೆ ಪಾಲು ರೇಷ್ಮೆ ಎಂದಾಯಿತು. ಮಿಶ್ರತಳಿಗೆ ಇದು ಒಳ್ಳೆಯದೇ, ದ್ವಿತಳಿಯಾದರೆ 20ಕ್ಕೆ ಮೇಲೆ ಇರಬೇಕು. ಮಿಶ್ರತಳಿಯಲ್ಲಿ ಒಂದು ಕಿಲೊ ನೂಲಿಗೆ ಏಳೆಂಟು ಕಿಲೊ ಗೂಡು ಬೇಕು, ಒಳ್ಳೆಯ ದ್ವಿತಳಿಯಲ್ಲಿ ಆರು, ಆರೂವರೆ ಸಾಕು. ಕೊಳ್ಳುವವನ ತಲೆಯಲ್ಲಿ ಓಡುವ ಲೆಕ್ಕ ಇದೇ. ಅದು ನಿಮಗೂ ತಿಳಿದಿದ್ದರೆ ಬೆಲೆ ನ್ಯಾಯವೋ ಅನ್ಯಾಯವೋ ಹೇಳಲು ಬಾಯಿ ಬರುತ್ತದೆ. ಅನುಮಾನವಿದ್ದವರು ಚಿಂತಾಮಣಿಯಲ್ಲಿ ರೇಷ್ಮೆಗೆಂದೇ ಕೃಷಿ ವಿಶ್ವವಿದ್ಯಾಲಯದ ಕಾಲೇಜು ಇದೆ, ಕೇಳಿ. ತಾಲ್ಲೂಕಿನ ರೇಷ್ಮೆ ಇಲಾಖೆಯವರನ್ನೂ ಕೇಳಿ. ಕೇಳುವವರಿಗೆ ನಾಚಿಕೆ ಬೇಡ.

ಇಷ್ಟೆಲ್ಲ ಕಷ್ಟಪಟ್ಟರೂ ಮೊಟ್ಟೆಯೇ ಕೆಟ್ಟಿದ್ದರೆ? ರೇಷ್ಮೆಯಲ್ಲಿ ಗುಣಮಟ್ಟದ ಮೊದಲ ಪರೀಕ್ಷೆ ಹುಟ್ಟಿದ್ದು ಅಲ್ಲೇ. ಫ್ರಾನ್ಸ್ ದೇಶದಲ್ಲಿ ಗಂಟು ರೋಗದಿಂದ ಹುಳುಗಳೆಲ್ಲ ಸತ್ತು ರೈತರು ದಿಕ್ಕೆಟ್ಟಾಗ 1865ರಲ್ಲಿ ಲೂಯಿ ಪಾಶ್ಚರನನ್ನು ಅಲ್ಲಿಗೆ ಕಳಿಸಿದರು. ಹಾಲು ಕಾಯಿಸಿ ಕೆಡದಂತೆ ಇಡುವ ವಿಧಾನಕ್ಕೆ ಹೆಸರಾದ ಪಾಶ್ಚರನೇ ಇವನು. ರೋಗ ತಾಯಿ ಚಿಟ್ಟೆಯಿಂದಲೇ ಮೊಟ್ಟೆಗೆ ಇಳಿಯುತ್ತದೆ ಎಂದು ಅವನು ತೋರಿಸಿಕೊಟ್ಟ. ಮೊಟ್ಟೆ ಇಟ್ಟ ಮೇಲೆ ಆ ತಾಯಿಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ರೋಗದ ಕಣ ಕಂಡರೆ ಅವಳ ಮೊಟ್ಟೆಯನ್ನೆಲ್ಲ ಸುಟ್ಟುಬಿಡುವುದು, ಇಷ್ಟೇ ಉಪಾಯ. ಇಂದಿಗೂ ರೋಗರಹಿತ ಮೊಟ್ಟೆ ಎಂದು ಚೀಟಿ ಅಂಟಿಸಿ ಕೊಡುವುದರ ಹಿಂದೆ ಇದೇ ಪರೀಕ್ಷೆ ಇದೆ. ನಮ್ಮ ಮೈಸೂರು ಸೀಮೆಯಲ್ಲಿ ರೇಷ್ಮೆಗೆ ಸರ್ಕಾರದ ಇಂಥ ಏರ್ಪಾಡು ಬೇರೂರಿದ್ದು ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯ ಮಗ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1912ರಿಂದ 1918ರ ನಡುವಿನ ವರ್ಷಗಳಲ್ಲಿ. ಅಗ್ಗಕ್ಕೆ ಸಿಗುತ್ತದೆ ಎಂದು ಚೀಟಿಯಿಲ್ಲದ ಮೊಟ್ಟೆ ತರುವವರಿಗೆ ನಾನು ಹೇಳುವುದು ಒಂದೇ, ಬೇಡ.

ಒಂದು ಕಡೆ ಪರೀಕ್ಷೆ ತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೆ ಊಜಿ ನೊಣವೇ ಸಾಕ್ಷಿ. 1980ಕ್ಕೆ ಮೊದಲು ಕರ್ನಾಟಕದ ಹುಳು ಮನೆಗಳಿಗೆ ಈ ನೊಣವೆಂದರೆ ಗೊತ್ತಿರಲಿಲ್ಲ. ಆ ವರ್ಷ ಪಶ್ಚಿಮ ಬಂಗಾಳದಿಂದ ಬಂದ ಗೂಡಿನ ಜೊತೆಗೆ ಬಂತು, ಇನ್ನೂ ಹೋಗಿಲ್ಲ. ಇಂದು ಪ್ರತಿ ಹುಳು ಮನೆಯ ಕಿಟಕಿಗೂ ಜಾಲರಿ ಹೊಡೆಸುವ ಖರ್ಚು ನಮ್ಮ ತಲೆಗೆ ಬಿದ್ದಿದೆಯಲ್ಲ, ಅದು ಆಗಿನ ಸಾಲದ ಕಂತು.

ಈಗ ಗೂಡು ಮಾರಾಟವಾಯಿತು. ಶಿಡ್ಲಘಟ್ಟದ ಓಣಿಗಳಲ್ಲಿ ಹೊಗೆಯಾಡುವ ಫಿಲೇಚರಿಗೆ ಹೋಗೋಣ. ಕೊಳ್ಳುವವನಾಗಿದ್ದ ರೀಲರು ಇಲ್ಲಿ ಮಾರುವವನಾಗುತ್ತಾನೆ. ಅವನ ನೂಲನ್ನು ನೋಡುವವನು ಹುರಿ ಮಾಡುವವನು, ನೇಯುವವನು. ಅವನ ಬೆಲೆಯೂ ಹೆಂಗಸರ ಕೈಯಲ್ಲೇ ಇದೆ!

ಒಂದು ಗೂಡಿನ ಎಳೆ ಬಹಳ ಸಣ್ಣದು. ಅದಕ್ಕೇ ಎಂಟು ಹತ್ತು ಗೂಡಿನ ಎಳೆ ಸೇರಿಸಿ ಒಂದು ನೂಲು ಮಾಡುತ್ತಾರೆ. ನೂಲಿನ ದಪ್ಪವನ್ನು ಡೆನಿಯರ್ ಎಂದು ಅಳೆಯುತ್ತಾರೆ. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. ಅಷ್ಟು ಉದ್ದ ಅಳೆಯುತ್ತಾ ಕೂರುವವರು ಯಾರು? 450 ಮೀಟರ್ ಸುತ್ತಿ ತೂಗಿದರೆ ಸಾಕು, ಒಂದು ಗ್ರಾಂ ಬಂದರೆ 20 ಡೆನಿಯರ್. ಕಷ್ಟವಿರುವುದು ಎಲ್ಲಿ ಎಂದರೆ, ಗೂಡಿನ ಎಳೆ ಮೊದಲಿನಿಂದ ಕೊನೆಯವರೆಗೆ ಒಂದೇ ದಪ್ಪ ಇರುವುದಿಲ್ಲ. ಹೊರಪದರದಲ್ಲಿ ದಪ್ಪ, ಒಳಕ್ಕೆ ಹೋದಂತೆ ಸಣ್ಣ. ಎಂಟೂ ಹೊಸ ಗೂಡಾದರೆ ನೂಲು ದಪ್ಪ, ಎಂಟೂ ಮುಗಿಯಲು ಬಂದ ಗೂಡಾದರೆ ಸಣ್ಣ. ಆದ್ದರಿಂದ ಬೇಸಿನ್ ಮುಂದೆ ಕುಳಿತವಳು ಹೊಸದು ಕೆಲವು, ಅರ್ಧ ಬಿಚ್ಚಿದ್ದು ಕೆಲವು, ಸದಾ ಬೆರೆಸಿಯೇ ಇಡಬೇಕು. ಒಂದು ಎಳೆ ಹರಿದ ಕ್ಷಣಕ್ಕೇ ಇನ್ನೊಂದು ಗೂಡಿನ ಎಳೆ ಎಸೆದು ಸೇರಿಸಬೇಕು. ಅರ್ಧ ನಿಮಿಷ ಆಚೆ ನೋಡಿದರೆ ಅಷ್ಟು ಮೀಟರ್ ನೂಲು ತೆಳ್ಳಗಾಗಿ ಹೋಯಿತು. ಮಗ್ಗದ ಮೇಲೆ ಹರಿಯುವುದು ಅಲ್ಲೇ. ಸಕ್ಕರೆ ಪಾಕ ಎಳೆ ಬರುವ ಹದಕ್ಕೆ ಒಲೆಯ ಮುಂದೆ ನಿಂತು ಗಮನ ಇಡುತ್ತೇವಲ್ಲ, ಆ ಗಮನವನ್ನು ಬೆಳಗಿನಿಂದ ಸಂಜೆಯವರೆಗೆ ಇಡುವುದೆಂದರೆ ಏನು ಎಂದು ಅಡಿಗೆ ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ಸ್ವಯಂಚಾಲಿತ ಯಂತ್ರಗಳು ಈಗ ಬಂದಿವೆ. ನೂಲು ತೆಳುವಾದರೆ ಯಂತ್ರವೇ ಅರಿತು ಗೂಡು ಸೇರಿಸುತ್ತದೆ. ಆದರೆ ಅದಕ್ಕೆ ಒಂದೇ ಸಮನಾದ ದ್ವಿತಳಿ ಗೂಡು ಬೇಕು, ಕಲಬೆರಕೆ ಗೂಡನ್ನು ಯಂತ್ರ ಸಹಿಸುವುದಿಲ್ಲ. ಹಾಗಾಗಿ ಹುಳು ಮನೆಯ ಚೀಟಿಗೆ ಇಲ್ಲಿಯೂ ಬೆಲೆ ಇದೆ.

ನೀರಿನ ವಿಷಯ ಹೇಳದೆ ಹೋದರೆ ತಪ್ಪಾಗುತ್ತದೆ. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ, ನೂರಾರು ಅಡಿ ಆಳದ ಕೊಳವೆ ಬಾವಿಯ ಗಡಸು ನೀರೇ ಗತಿ. ಬೇಳೆ ಬೇಯದ ನೀರಿನಲ್ಲಿ ಗೂಡು ಮಾತ್ರ ಹದವಾಗಿ ಬೆಂದೀತೇ? ನೂಲಿನ ಬಣ್ಣ, ಹೊಳಪು ಎರಡಕ್ಕೂ ಪೆಟ್ಟು. ಮಳೆನೀರು ಹಿಡಿದಿಟ್ಟು ಬಳಸುವ, ಇಲ್ಲವೇ ನೀರನ್ನು ಮೆದು ಮಾಡಿಕೊಳ್ಳುವ ಫಿಲೇಚರಿನವರು ಅದನ್ನು ಖರ್ಚೆಂದು ಎಣಿಸಬಾರದು.

ಇನ್ನು ತೂಕದ ಮೋಸ. ರೇಷ್ಮೆ ಗಾಳಿಯ ತೇವವನ್ನು ಹೀರುತ್ತದೆ, ಒದ್ದೆ ಎನಿಸದೆಯೇ ತೂಕ ಹೆಚ್ಚುತ್ತದೆ. ಇದನ್ನು ಬಲ್ಲವರು ಲಡಿಗಳನ್ನು ತೇವದಲ್ಲಿಟ್ಟು ಮಾರುವುದುಂಟು. ಇದಕ್ಕೆ ಲೋಕವೆಲ್ಲ ಒಪ್ಪಿದ ಒಂದು ನ್ಯಾಯವಿದೆ. ನಮೂನೆಯನ್ನು ಒಲೆಯಲ್ಲಿ ಪೂರ್ತಿ ಒಣಗಿಸಿ ತೂಗಿ, ಅದಕ್ಕೆ ನೂರಕ್ಕೆ 11ರಂತೆ ತೇವದ ಪಾಲು ಸೇರಿಸಿದರೆ ಬರುವುದೇ ವ್ಯಾಪಾರದ ತೂಕ. 100 ಗ್ರಾಂ ನಮೂನೆ ಒಣಗಿ 88 ಆದರೆ, 11 ಪಾಲು ಸೇರಿಸಿ 97.68. ಅಂದರೆ 100 ಕಿಲೊ ಎಂದು ತಂದದ್ದರಲ್ಲಿ ಎರಡು ಕಿಲೊಗೂ ಮೇಲೆ ಬರೀ ನೀರು. ಈ ಪರೀಕ್ಷೆ ಮಾಡುವ ಕಡೆ ನೂಲನ್ನು ಕರಿ ಹಲಗೆಗೆ ಸುತ್ತಿ ದೀಪದ ಬೆಳಕಿನಲ್ಲಿ ಗಂಟು, ತೆಳು, ದಪ್ಪ ನೋಡಿ 2ಎ, 3ಎ, 4ಎ ಎಂದು ದರ್ಜೆಯನ್ನೂ ಕೊಡುತ್ತಾರೆ. ನಿಮ್ಮ ಮನೆಯವರು ನೂಲು ಬಿಚ್ಚುವವರಾದರೆ ಒಂದು ಕರಿ ಹಲಗೆ ಇಟ್ಟುಕೊಳ್ಳಲು ಹೇಳಿ. ಅದಕ್ಕೇನು ಮಹಾ ಖರ್ಚು?

ಜಪಾನಿನವರು ಇದನ್ನು ಮೊದಲೇ ಕಂಡುಕೊಂಡರು. ಕೊಳ್ಳುವ ಪರದೇಶದವರು ಕಲಬೆರಕೆ ಎಂದು ದೂರುತ್ತಿದ್ದ ಕಾಲದಲ್ಲಿ, 1872ರಲ್ಲಿ, ಟೊಮಿಯೋಕ ಎಂಬಲ್ಲಿ ಸರ್ಕಾರವೇ ಮಾದರಿ ಗಿರಣಿ ತೆರೆದು ಊರೂರಿನ ಹೆಣ್ಣುಮಕ್ಕಳಿಗೆ ನೂಲು ಬಿಚ್ಚುವುದನ್ನು ಕಲಿಸಿತು. ಕಲಿತವರು ತಮ್ಮ ಊರಿಗೆ ಹೋಗಿ ಕಲಿಸಿದರು. 1896ರಲ್ಲಿ ಯೊಕೊಹಾಮ ಬಂದರಿನಲ್ಲಿ ತೂಕ ಮತ್ತು ಗುಣ ಪರೀಕ್ಷಿಸುವ ಮನೆ ಎದ್ದಿತು. ಮುಂದೆ ಹದಿನೈದು ವರ್ಷ ಕಳೆಯುವುದರೊಳಗೆ ರೇಷ್ಮೆ ರಫ್ತಿನಲ್ಲಿ ಆ ದೇಶ ಚೀನಾವನ್ನೇ ಹಿಂದೆ ಹಾಕಿತ್ತು. ಅದೇ ಜಪಾನಿನ ಸಹಕಾರದಿಂದ 1991ರಲ್ಲಿ ನಮ್ಮ ರಾಜ್ಯದಲ್ಲಿ ದ್ವಿತಳಿಯ ಯೋಜನೆ ಶುರುವಾಗಿ, ಮೈಸೂರಿನ ಸಂಶೋಧನಾಲಯದಿಂದ ಇಂದು ರೈತರ ಬಾಯಲ್ಲಿರುವ ಸಿ.ಎಸ್.ಆರ್. ತಳಿಗಳು ಬಂದವು.

ಅದರ ಅಗತ್ಯ ಎಷ್ಟಿತ್ತು ಎಂದು 2011ರಲ್ಲಿ ಗೂಡು ಬೆಳೆದವರನ್ನು ಕೇಳಿ. ಆ ವರ್ಷದ ಕೇಂದ್ರ ಬಜೆಟ್ಟಿನಲ್ಲಿ ಹೊರಗಿನ ಕಚ್ಚಾ ರೇಷ್ಮೆಯ ಮೇಲಿನ ಸುಂಕವನ್ನು ನೂರಕ್ಕೆ 30ರಿಂದ 5ಕ್ಕೆ ಇಳಿಸಿದರು. ಚೀನಾದ ನೂಲಿನ ಎದುರು ನಮ್ಮ ಗೂಡಿನ ಬೆಲೆ ಕುಸಿಯಿತು, ರೈತರು ಬೀದಿಗೆ ಇಳಿದರು. 2013ರಲ್ಲಿ ಸುಂಕವನ್ನು 15ಕ್ಕೆ ಏರಿಸಿದರು. ಸುಂಕದ ತಪ್ಪನ್ನು ರೈತನ ಮೇಲೆ ಹಾಕುವುದು ನ್ಯಾಯವಲ್ಲ. ಆದರೆ ನೇಕಾರ ಹಾಸಿಗೆ ಚೀನಾದ ನೂಲು, ಹೊಕ್ಕಿಗೆ ನಮ್ಮ ಚರಕದ ನೂಲು ಎಂದು ಮೊದಲೇ ವಿಂಗಡಿಸಿಕೊಂಡಿದ್ದ. ಬಿಗಿ ಎಳೆದ ಹಾಸಿನಲ್ಲಿ ದಪ್ಪ ತೆಳು ಇರುವ ನೂಲು ನಿಲ್ಲುವುದಿಲ್ಲ. ಸುಂಕ ಇಳಿಯುವವರೆಗೆ ಆ ಸತ್ಯ ಮುಚ್ಚಿಕೊಂಡಿತ್ತು.

ಕೊಳ್ಳುವವರು ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತಾರೆ, ಇದನ್ನು ಮಾಡಿದ ಕೈ ಯಾರದು ಎಂದು. ಸಾಲಕ್ಕೆ ಒತ್ತೆಯಿಟ್ಟ ಮಕ್ಕಳಿಂದ ರೇಷ್ಮೆ ಕೆಲಸ ಮಾಡಿಸುವುದರ ಬಗ್ಗೆ 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಎಂಬ ಸಂಸ್ಥೆ ದೊಡ್ಡ ವರದಿಯನ್ನೇ ಹೊರತಂದಿತು, ಅದರಲ್ಲಿ ಕರ್ನಾಟಕದ ಹೆಸರೂ ಇತ್ತು. ಓದಿದರೆ ಊಟ ಸೇರುವುದಿಲ್ಲ. ಮಕ್ಕಳ ಕೈ ಸಲ್ಲದು, ಅದರಲ್ಲಿ ಎರಡು ಮಾತಿಲ್ಲ. ದೊಡ್ಡವರ ಕೈಯ ಪಾಡೂ ನೋಡಿ. ಕುದಿಯುವ ನೀರಿಗೆ ಬೆರಳು ಅದ್ದಿ ಅದ್ದಿ ಚರ್ಮ ಸುಲಿದಿರುತ್ತದೆ, ಸತ್ತ ಹುಳುವಿನ ವಾಸನೆಯ ಆವಿ ಎದೆಗೆ ಇಳಿಯುತ್ತದೆ. ಸುಲಿದ ಬೆರಳಿಗೆ ಸಣ್ಣ ಎಳೆಯ ತುದಿ ಸಿಗುವುದಿಲ್ಲ, ಎಳೆ ತಪ್ಪಿದರೆ ನೂಲು ಕೆಡುತ್ತದೆ. ಕೆಲಸ ಮುಗಿದ ಮೇಲೆ ಕೈ ತೊಳೆದು ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುವುದು, ಹೊಗೆ ಆವಿ ಹೋಗಲು ಮೇಲೆ ಕಿಂಡಿ ಇರುವ ಕಡೆ ಕೂರುವುದು, ಕೆಮ್ಮು ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸುವುದು, ಇಷ್ಟಾದರೂ ಮಾಡಿ. ಕಿಂಡಿ ಮಾಡಿಸಿ ಎಂದು ಮಾಲೀಕರನ್ನು ಕೇಳುವುದೂ ನೂಲಿನ ಒಳಿತಿಗೇ.

ಸೀರೆ ಕೊಳ್ಳುವ ಸೋದರಿಯರೇ, ಕೊನೆಯ ಕೊಳ್ಳುವವರು ನೀವು. ನೀವು ಕೇಳದಿದ್ದರೆ ಮೇಲಿನವರು ಯಾರೂ ಕೇಳುವುದಿಲ್ಲ. ಕೇಂದ್ರ ರೇಷ್ಮೆ ಮಂಡಳಿಯವರು 2004ರಲ್ಲಿ ತಂದ ಸಿಲ್ಕ್ ಮಾರ್ಕ್ ಚೀಟಿ ಸೀರೆಗೆ ಇದೆಯೇ ನೋಡಿ. ಅದು ಶುದ್ಧ ರೇಷ್ಮೆ ಎಂಬುದಕ್ಕೆ ಗುರುತು, ನೇಯ್ಗೆ ಬಾಳಿಕೆ ಬರುತ್ತದೆ ಎಂಬುದಕ್ಕಲ್ಲ. ಇದನ್ನು ಬಹಳ ಮಂದಿ ಬೆರೆಸಿಕೊಳ್ಳುತ್ತಾರೆ. ಚೀಟಿಯಿಲ್ಲದ ಕಡೆ ಸೆರಗಿನ ಕುಚ್ಚಿನಿಂದ ಜರಿಯಿಲ್ಲದ ಎರಡು ಎಳೆ ಕೇಳಿ ಪಡೆದು ಬೆಂಕಿ ತಾಗಿಸಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಉಜ್ಜಿದರೆ ಪುಡಿಯಾಗುವ ಕರಿ ಬೂದಿ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಕಾಗದದಂತೆ ಉರಿದುಹೋದರೆ ಅದು ಆರ್ಟ್ ಸಿಲ್ಕ್. ಹಾಸಿನಿಂದ ಒಂದು, ಹೊಕ್ಕಿನಿಂದ ಒಂದು, ಎರಡೂ ಸುಟ್ಟು ನೋಡಿ. ಹಾಸು ರೇಷ್ಮೆಯಿಟ್ಟು ಹೊಕ್ಕಿಗೆ ಬೇರೆ ನೂಲು ಹಾಕಿದ ಸೀರೆಗಳು ಬೇಕಾದಷ್ಟಿವೆ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ, ದುಡ್ಡು ನಿಮ್ಮದು.

ಹುಳು ಮನೆಯವರಿಗೆ ಇನ್ನೊಂದೇ ಮಾತು. ನಲವತ್ತು ಪುಟದ ನೋಟುಬುಕ್ಕು ಒಂದು ತನ್ನಿ. ಮೊಟ್ಟೆ ಎಲ್ಲಿಂದ ತಂದದ್ದು, ಯಾವ ತಾರೀಕು, ಎಷ್ಟು ಹುಳು ಹಣ್ಣಾಯಿತು ಎಂಬುದನ್ನು ಬೆಳೆ ನಡೆಯುವಾಗಲೇ ಬರೆದಿಡಿ. 20 ಗೂಡಿನ ತೂಕ, ಸಿಪ್ಪೆಯ ತೂಕ, ಸಿಕ್ಕ ಬೆಲೆ, ಆ ದಿನ ಮಾರುಕಟ್ಟೆಯ ಹೆಚ್ಚಿನ ಬೆಲೆ, ಇವನ್ನೂ ಸೇರಿಸಿ. ಬೆಳೆಗೆ ಒಂದು ಪುಟ ಸಾಕು. ವರ್ಷಕ್ಕೆ ನಾಲ್ಕೈದು ಬೆಳೆ ತೆಗೆಯುವವರಿಗೆ ಮುಂದಿನ ಯುಗಾದಿಯ ಹೊತ್ತಿಗೆ ಯಾವ ಮೊಟ್ಟೆ, ಯಾವ ತಿಂಗಳು ಕೈಕೊಟ್ಟಿತು ಎಂದು ಆ ಪುಟಗಳಲ್ಲೇ ಕಾಣುತ್ತದೆ. ನೋಟುಬುಕ್ಕು ಮಕ್ಕಳ ಕೈಗೆ ಸಿಗದಂತೆ ಎತ್ತರದಲ್ಲಿಡಿ. ಪೆನ್ಸಿಲಿನಲ್ಲಿ ಬರೆಯುವುದು ಒಳ್ಳೆಯದು, ಹುಳು ಮನೆಯ ತೇವಕ್ಕೆ ಶಾಯಿ ಹರಡಿಬಿಡುತ್ತದೆ.